‘ದಿ ಸ್ಟೇಷನ್ ಏಜೆಂಟ್’: ಸ್ನೇಹ ಬೇಡವೆನ್ನುವವನ ಸ್ನೇಹದ ಕಥೆ

ನಟನಾಗಿ ಚಿತ್ರರಂಗಕ್ಕೆ ಬಂದ ಟಾಮ್ ಮೆಕಾರ್ಥಿ ತಾವೇ ಬರೆದು ನಿರ್ದೇಶಿಸಿದ ಮೊದಲ ಚಿತ್ರ ‘ದಿ ಸ್ಟೇಷನ್ ಏಜೆಂಟ್’. 2003ರ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಮತ್ತು ಚಿತ್ರಕಥೆಯ ಪ್ರಶಸ್ತಿಗಳೆರಡನ್ನೂ ಪಡೆದ ಈ ಚಿತ್ರಕ್ಕೆ ಮರುವರ್ಷ ಬ್ರಿಟನ್ನಿನ ಬಾಫ್ಟಾ ಚಿತ್ರಕಥೆ ಪ್ರಶಸ್ತಿಯೂ ಬಂದಿತು. ಸುಮಾರು ಒಂದೂವರೆ ಗಂಟೆಯ, ಅತಿ ಕಡಿಮೆ ಖರ್ಚಿನ ಈ ಚಿತ್ರವನ್ನು ಚಿತ್ರಕಥೆಯ ವಿದ್ಯಾರ್ಥಿಗಳು ಒಂದು ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡುವುದು ಒಳ್ಳೆಯದು: ಯಾರ ಸಹವಾಸವೂ ಬೇಡವೆನ್ನುವ ಮನುಷ್ಯ ನಾಯಕನಾದಾಗ ಕಥೆಯನ್ನು ಮುಂದಕ್ಕೆ ನಡೆಸುವವರು ಯಾರು?

ನಾಯಕ ಫಿನ್ (ಪೀಟರ್ ಡಿಂಕ್ಲೇಜ್) ನ್ಯೂಜೆರ್ಸಿಯ ಹೋಬೋಕೆನ್ ಪಟ್ಟಣದಲ್ಲಿ ಮಾದರಿ ರೈಲುಗಳ ಅಂಗಡಿಯೊಂದರಲ್ಲಿ ಕೆಲಸಕ್ಕಿರುವ ಕುಬ್ಜ ದೇಹದ ವ್ಯಕ್ತಿ. ಅಂಗಡಿಯ ಮಾಲೀಕ ತೀರಿಕೊಂಡಾಗ, ಅದೇ ರಾಜ್ಯದ ನ್ಯೂಫೌಂಡ್‌ಲ್ಯಾಂಡ್ ಎಂಬ ಊರಿನ ಹಳೆಯ ರೈಲು ನಿಲ್ದಾಣದ ಪಾಳು ಕಟ್ಟಡ ಉಯಿಲಿನ ಮೂಲಕ ಫಿನ್‌ಗೆ ಬರುತ್ತದೆ. ಅವನು ಅಲ್ಲಿಗೆ ಹೋಗುವುದು ಹೊಸ ಬದುಕನ್ನು ಅರಸಿ ಅಲ್ಲ, ಜನರ ಕಣ್ಣಿನಿಂದ ತಪ್ಪಿಸಿಕೊಳ್ಳುವುದಕ್ಕೆ. ಬೀದಿಯಲ್ಲಿ ನಡೆದರೆ ಗೇಲಿ ಮಾಡುವವರು, ಅಂಗಡಿಗೆ ಹೋದರೆ ಕೇಳದೆಯೇ ಅವನ ಫೋಟೊ ತೆಗೆಯುವ ಅಂಗಡಿಯಾಕೆ, ಇವೆಲ್ಲವನ್ನೂ ಚಿತ್ರ ಆರಂಭದಲ್ಲೇ ತೋರಿಸಿಬಿಡುತ್ತದೆ. ಆದ್ದರಿಂದ ಅವನ ಮೌನ ನಮಗೆ ಗುಣಪಡಿಸಬೇಕಾದ ರೋಗದಂತೆ ಕಾಣುವುದಿಲ್ಲ. ಅದು ಅನುಭವದಿಂದ ಕಲಿತ ಸ್ವರಕ್ಷಣೆ. ಚಿತ್ರದ ಉಳಿದೆಲ್ಲ ಬಲವೂ ಈ ಮೊದಲ ತಿಳಿವಳಿಕೆಯ ಮೇಲೆ ನಿಂತಿದೆ ಎಂಬುದು ನನ್ನ ಅಭಿಪ್ರಾಯ.

ನಾಯಕ ತಾನಾಗಿ ಯಾರನ್ನೂ ಹುಡುಕಿಕೊಂಡು ಹೋಗುವುದಿಲ್ಲವಾದ್ದರಿಂದ ಉಳಿದವರು ಅವನ ಬಳಿಗೆ ಬರಬೇಕು, ಬರುವುದಕ್ಕೆ ಅವರವರ ಕಾರಣವೂ ಇರಬೇಕು. ಜೋ (ಬಾಬಿ ಕ್ಯಾನವಾಲೆ) ಕಾಯಿಲೆಬಿದ್ದ ತಂದೆಯ ಪರವಾಗಿ ನಿಲ್ದಾಣದ ಎದುರಿಗೇ ಕಾಫಿ, ತಿಂಡಿಯ ಗಾಡಿ ನಡೆಸುತ್ತಾನೆ. ಗಿರಾಕಿಗಳು ವಿರಳ, ಮಾತಿನ ಹಸಿವು ವಿಪರೀತ. ಚಿತ್ರಕಲಾವಿದೆ ಒಲಿವಿಯಾ (ಪ್ಯಾಟ್ರೀಷಿಯಾ ಕ್ಲಾರ್ಕ್‌ಸನ್) ಮಗನನ್ನು ಕಳೆದುಕೊಂಡು, ಗಂಡನಿಂದ ದೂರವಾಗಿ ಒಬ್ಬಳೇ ಇದ್ದಾಳೆ; ಅವಳು ಫಿನ್‌ಗೆ ಪರಿಚಯವಾಗುವುದೇ ಕಾರನ್ನು ಅವನ ಮೈಮೇಲೆ ಹಾಯಿಸಿಬಿಡುವಷ್ಟು ಹತ್ತಿರ ತಂದು, ಅದೂ ಎರಡೆರಡು ಬಾರಿ. ಒಬ್ಬನಿಗೆ ಮಾತು ಬೇಕು, ಒಬ್ಬಳಿಗೆ ಮಾತಿನಿಂದ ಬಿಡುಗಡೆ ಬೇಕು. ಇಬ್ಬರಿಗೂ ಫಿನ್ ಒದಗುತ್ತಾನೆ, ಆದರೆ ಒಂದೇ ರೀತಿಯಲ್ಲಿ ಅಲ್ಲ.

ಇಲ್ಲಿ ನಿಧಾನವಾಗಿ ಗಮನಿಸಬೇಕಾದ ದೃಶ್ಯವೊಂದಿದೆ. ಫಿನ್ ಹೊರಗೆ ಕುಳಿತು ಓದುತ್ತಿರುವಾಗ, ಮಾತಾಡುವುದಿಲ್ಲವೆಂಬ ಷರತ್ತಿನ ಮೇಲೆ ಜೋ ಪಕ್ಕದಲ್ಲಿ ಕುಳಿತಿದ್ದಾನೆ. ಸ್ವಲ್ಪ ಹೊತ್ತಿಗೆ ಅವನು ಬಾಯಿ ತೆರೆದಾಗ ಫಿನ್ ಷರತ್ತನ್ನು ನೆನಪಿಸುತ್ತಾನೆ. ಇಪ್ಪತ್ತು ನಿಮಿಷದಿಂದ ಸುಮ್ಮನಿದ್ದೇನಲ್ಲ ಎಂದು ಜೋ ವಾದಿಸಿದರೆ, ಒಂಬತ್ತು ನಿಮಿಷ ಎಂದು ಫಿನ್ ತಿದ್ದುತ್ತಾನೆ. ಪ್ರೇಕ್ಷಕರು ನಗುವ ಈ ಗಳಿಗೆಯಲ್ಲೇ ಸಂಬಂಧದ ಸ್ವರೂಪ ಬದಲಾಗಿರುತ್ತದೆ, ಏಕೆಂದರೆ ಹೊತ್ತು ಎಣಿಸಿದವನು ಪಕ್ಕದಲ್ಲಿದ್ದವನನ್ನು ಅಷ್ಟೂ ಹೊತ್ತು ಗಮನಿಸಿದ್ದಾನೆ. ‘ನನಗೂ ನೀನು ಬೇಕು’ ಎಂಬ ಅರ್ಥದ ಒಂದು ಮಾತನ್ನೂ ಬರೆಯದೆ ಆ ಅರ್ಥವನ್ನು ದಾಟಿಸಿದ ಸಂಭಾಷಣೆ ಇದು. ಚಿತ್ರಕಥೆ ಬರೆಯಲು ಹೊರಟವರು ಈ ನಾಲ್ಕೈದು ಸಾಲುಗಳನ್ನು ಕೈಯಾರೆ ಬರೆದು ನೋಡಿದರೂ ನಷ್ಟವಿಲ್ಲ.

ಎರಡನೆಯ ಅಂಶ ರೈಲುಗಳದ್ದು. ಮೂವರೂ ಒಂದುಗೂಡುವುದು ತಮ್ಮ ದುಃಖವನ್ನು ಹೇಳಿಕೊಂಡಲ್ಲ, ಫಿನ್‌ನ ಹವ್ಯಾಸವನ್ನು ಹಂಚಿಕೊಂಡು. ಹಳಿಗುಂಟ ನಡೆಯುವುದು, ಓಡುವ ರೈಲಿಗೆ ಸಮನಾಗಿ ಜೋ ತನ್ನ ಗಾಡಿಯನ್ನು ಓಡಿಸುವಾಗ ಫಿನ್ ಕ್ಯಾಮೆರಾ ಹಿಡಿಯುವುದು, ಆಮೇಲೆ ಆ ಚಿತ್ರಣವನ್ನು ಒಲಿವಿಯಾಳ ಮನೆಯಲ್ಲಿ ಕುಳಿತು ನೋಡುವುದು: ಈ ಕೆಲಸಗಳಲ್ಲೆಲ್ಲ ಅವರ ಕಣ್ಣುಗಳು ಪರಸ್ಪರರ ಮೇಲಿರದೆ ಮೂರನೆಯದೊಂದು ವಸ್ತುವಿನ ಮೇಲಿರುತ್ತವೆ. ಸದಾ ದಿಟ್ಟಿಸಲ್ಪಟ್ಟವನಿಗೆ ಇದಕ್ಕಿಂತ ದೊಡ್ಡ ನೆಮ್ಮದಿ ಇರಲಾರದು. ನೋಡಿಸಿಕೊಳ್ಳುತ್ತಿದ್ದವನು ಈಗ ಇತರರೊಂದಿಗೆ ಸೇರಿ ನೋಡುವವನಾಗಿದ್ದಾನೆ.

ಈ ಹಿನ್ನೆಲೆಯಿರುವುದರಿಂದಲೇ, ಕುಡಿದ ಫಿನ್ ಬಾರಿನಲ್ಲಿ ಎತ್ತರಕ್ಕೆ ಹತ್ತಿ ನಿಂತು ಎಲ್ಲರೂ ತನ್ನನ್ನು ಚೆನ್ನಾಗಿ ನೋಡಿಕೊಳ್ಳಲಿ ಎಂದು ಕೂಗುವ ದೃಶ್ಯ ಅಷ್ಟು ತೀವ್ರವಾಗಿ ತಟ್ಟುತ್ತದೆ. ರೈಲುಗಳನ್ನು ಮೆಚ್ಚುವ ಪುಟ್ಟ ಹುಡುಗಿ ಕ್ಲಿಯೊ ತನ್ನ ಶಾಲೆಗೆ ಬಂದು ಮಾತಾಡೆಂದು ಕೇಳಿದಾಗ ಮೊದಲು ಒಪ್ಪದ ಫಿನ್, ಕೊನೆಗೆ ಮಕ್ಕಳ ಮುಂದೆ ಹೋಗಿ ನಿಲ್ಲುತ್ತಾನೆ. ಅಲ್ಲಿಯೂ ಅವನ ಎತ್ತರದ ಪ್ರಸ್ತಾಪ ಬಂದೇ ಬರುತ್ತದೆ. ಜಗತ್ತು ಬದಲಾಗಿಲ್ಲ, ಅದನ್ನು ಎದುರಿಸಿ ನಿಲ್ಲುವ ಅವನ ಶಕ್ತಿ ಒಂದಿಷ್ಟು ಹೆಚ್ಚಿದೆ ಎಂಬಷ್ಟನ್ನೇ ಚಿತ್ರ ಹೇಳುತ್ತದೆ.

ಕೊರತೆಯೂ ಇದೆ. ಗ್ರಂಥಾಲಯದಲ್ಲಿ ಕೆಲಸ ಮಾಡುವ ಎಮಿಲಿಯ (ಮಿಶೆಲ್ ವಿಲಿಯಮ್ಸ್) ಎಳೆ ಅರ್ಧಕ್ಕೇ ನಿಂತಂತಿದೆ. ಕೊನೆಯ ಭಾಗದಲ್ಲಿ ಒಲಿವಿಯಾ ಪ್ರಾಣಾಪಾಯಕ್ಕೆ ಸಿಲುಕುವ ಪ್ರಸಂಗ, ಅಲ್ಲಿಯವರೆಗೆ ಇಷ್ಟು ಸಣ್ಣ ಘಟನೆಗಳಿಂದ ನಡೆದ ಕಥೆಗೆ ಹೊರಗಿನಿಂದ ತಂದ ಒತ್ತಡದಂತೆ ನನಗೆ ತೋರುತ್ತದೆ. ಕ್ಲಾರ್ಕ್‌ಸನ್ ಅವರ ಸಂಯಮದ ಅಭಿನಯ ಅದನ್ನು ಬಹುಮಟ್ಟಿಗೆ ಕಾಪಾಡಿದೆ. ಇದೇ ಮೆಕಾರ್ಥಿ ಮುಂದೆ 2015ರಲ್ಲಿ ಮಾಡಿದ ‘ಸ್ಪಾಟ್‌ಲೈಟ್’ ಅತ್ಯುತ್ತಮ ಚಿತ್ರದ ಆಸ್ಕರ್ ಗೆದ್ದಿತು. ಎರಡನ್ನೂ ನೋಡುವವರು ಅಲ್ಲಿ ಪತ್ರಕರ್ತರು ಇತರರ ಮಾತಿಗೆ ಕಿವಿಗೊಡುವ ದೃಶ್ಯಗಳನ್ನು, ಇಲ್ಲಿ ಫಿನ್ ಒಲಿವಿಯಾಳ ಎದುರು ಸುಮ್ಮನೆ ಕುಳಿತಿರುವ ದೃಶ್ಯಗಳ ಜೊತೆಗಿಟ್ಟು ಹೋಲಿಸಬಹುದು.