ಕರಗಿ ಹೋಗಬೇಕಾದ ಚಪ್ಪರ

ಕಳೆದ ಆಟಿ ತಿಂಗಳಲ್ಲಿ ಬಂಟ್ವಾಳ ಕಡೆಯ ಅರವತ್ತು ದಾಟಿದ ಮಹಿಳೆಯೊಬ್ಬರು, ಬಚ್ಚಲೊಲೆಯ ಒದ್ದೆ ಸೌದೆ ಹತ್ತಿಕೊಳ್ಳಲೆಂದು ಸೀಮೆಎಣ್ಣೆ ಸುರಿಯಲು ಹೋಗಿ ಬಲ ಅಂಗೈಯ ಹಿಂಬದಿಯನ್ನು ಸುಟ್ಟುಕೊಂಡು ಮಂಗಳೂರಿನ ನಮ್ಮ ವಾರ್ಡಿಗೆ ಬಂದರು. ಸತ್ತ ಚರ್ಮವನ್ನು ಕೆತ್ತಿ ತೆಗೆದಾಗ ಎರಡು ಬೆರಳಗಲದಷ್ಟು ಜಾಗದಲ್ಲಿ ಸ್ನಾಯುವನ್ನು ಎಲುಬಿಗೆ ಬಿಗಿಯುವ ಹುರಿ, ಅಂದರೆ ಸ್ನಾಯುರಜ್ಜು, ಬೆಳ್ಳಗೆ ಕಾಣುತ್ತಿತ್ತು. ತೊಡೆಯಿಂದ ತೆಗೆದ ತೆಳು ಚರ್ಮದ ಕಸಿ ಬದುಕಬೇಕಾದರೆ ಅದರ ಅಡಿಯಲ್ಲಿ ರಕ್ತ ಹರಿಯುವ ನೆಲ ಬೇಕು. ಹೊದಿಕೆ ಕಳೆದುಕೊಂಡ ಸ್ನಾಯುರಜ್ಜು ಅಂಥ ನೆಲವಲ್ಲ. ಕೈಯನ್ನು ತೊಡೆಸಂದಿಗೆ ಹೊಲಿದು ಮೂರು ವಾರ ಹಾಗೆಯೇ ಇಡುವ ಹಳೆಯ ಶಸ್ತ್ರಕ್ರಿಯೆ ಉಂಟು, ಆದರೆ ಭುಜ ಗಟ್ಟಿಯಾಗಿ ಹಿಡಿದುಕೊಂಡಿದ್ದ ಅವರಿಗೆ ಅದು ಶಿಕ್ಷೆಯೇ ಆಗುತ್ತಿತ್ತು. ಆದ್ದರಿಂದ ಕೃತಕ ಒಳಚರ್ಮದ ಹಾಳೆಯನ್ನು ಆರಿಸಿಕೊಂಡೆವು.

ಈ ಹಾಳೆಯನ್ನು ರೂಪಿಸಿದವರು ಅಮೆರಿಕದ ಬಾಸ್ಟನ್ನಿನ ಶಸ್ತ್ರವೈದ್ಯ ಜಾನ್ ಬರ್ಕ್ ಮತ್ತು ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯ (ಎಂ.ಐ.ಟಿ.) ಇಯೊನಿಸ್ ಯಾನಸ್. ಸುಟ್ಟ ರೋಗಿಗಳಲ್ಲಿ ಅದರ ಬಳಕೆಯನ್ನು ಅವರು ವರದಿ ಮಾಡಿದ್ದು 1981ರಲ್ಲಿ. ದನದ ಸ್ನಾಯುರಜ್ಜಿನ ಕೊಲಾಜನ್ ಎಂಬ ಪ್ರೋಟೀನ್ ಮತ್ತು ಶಾರ್ಕ್ ಮೀನಿನ ಮೃದ್ವಸ್ಥಿಯಿಂದ ಪಡೆದ ಒಂದು ವಸ್ತುವನ್ನು ಬೆರೆಸಿ ಮಾಡಿದ ಸ್ಪಂಜಿನಂಥ ಪದರ ಕೆಳಗೆ, ತಾತ್ಕಾಲಿಕ ಹೊರಚರ್ಮವಾಗಿ ಸಿಲಿಕೋನ್ ಹಾಳೆ ಮೇಲೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯವರು ಹಂದಿಯ ಪಿತ್ತಕೋಶದಿಂದ ಜೀವಕೋಶಗಳನ್ನು ತೊಳೆದು ತೆಗೆದು ಇಂಥದೇ ಹಂದರವೊಂದನ್ನು ಸಿದ್ಧಪಡಿಸಿದ್ದಾರೆ.

ರೋಗಿಗಳ ಮನೆಯವರಿಗೆ ನಾನು ಇದನ್ನು ಬಸಳೆ ಚಪ್ಪರವೆಂದು ವಿವರಿಸುತ್ತೇನೆ. ಬಳ್ಳಿ ಹಬ್ಬುವುದು ಚಪ್ಪರದ ಸಂದುಗಳ ಅಳತೆಯನ್ನು ಅವಲಂಬಿಸಿದಂತೆ, ಇಲ್ಲಿಯೂ ರಂಧ್ರಗಳು ಸುಮಾರು 20ರಿಂದ 125 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಒಳಗಿರಬೇಕು. ಅದಕ್ಕಿಂತ ಕಿರಿದಾದರೆ ಜೀವಕೋಶಗಳು ಒಳನುಗ್ಗಲಾರವು, ತೀರಾ ಹಿರಿದಾದರೆ ಅವುಗಳಿಗೆ ಹಿಡಿದುಕೊಳ್ಳಲು ಆಸರೆ ಸಾಲದು. ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ, ಏಕೆಂದರೆ ಈ ಚಪ್ಪರ ಬಳ್ಳಿ ಹಬ್ಬಿದಂತೆಲ್ಲ ಕರಗುತ್ತ ಹೋಗಬೇಕು. ಬೇಗ ಕರಗಿದರೆ ಗಾಯ ಮುದುಡಿ ಬೆರಳು ಸೊಟ್ಟಗಾಗುತ್ತದೆ. ಕರಗದೆ ಉಳಿದರೆ ದೇಹ ಅದನ್ನು ಮುಳ್ಳೆಂದು ಬಗೆದು ಸುತ್ತಲೂ ಗಟ್ಟಿ ಕವಚ ಕಟ್ಟುತ್ತದೆ.

ಹಾಳೆ ಹಾಕಿದ ಮೇಲೆ ಸರ್ಜನ್‌ಗೆ ಉಳಿಯುವ ಕೆಲಸವೆಂದರೆ ಬಣ್ಣ ನೋಡುವುದು. ಮೊದಲು ರಕ್ತ ಹೀರಿದ ಕೆಂಪು, ಆಮೇಲೆ ಗುಲಾಬಿ, ಎರಡು ವಾರ ಕಳೆದ ಮೇಲೆ ಹಳದಿ ಬೆರೆತ ತೆಳು ಕೇಸರಿ: ಹೊಸ ರಕ್ತನಾಳಗಳು ಒಳಗೆ ಬಂದಿವೆ ಎಂಬುದರ ಗುರುತು ಅದು. ಒಂಬತ್ತನೆಯ ದಿನ ಕಿರುಬೆರಳ ಬುಡದ ಮೂಲೆ ಮಾತ್ರ ಬಿಳಿಚಿಕೊಂಡಿತ್ತು. ಒತ್ತಿದರೆ ಅಡಿಯಲ್ಲಿ ನೀರು ಸರಿದಾಡುತ್ತಿತ್ತು. ಆ ಮೂಲೆಗೆ ನಾನೇ ಪಟ್ಟಿಯನ್ನು ಸಡಿಲವಾಗಿ ಕಟ್ಟಿದ್ದೆ. ಅಷ್ಟನ್ನು ಕತ್ತರಿಸಿ ಹೊಸ ತುಂಡು ಕೂರಿಸಬೇಕಾದ್ದರಿಂದ, ಸಿಲಿಕೋನ್ ಸುಲಿದು ತೊಡೆಯ ತೆಳು ಚರ್ಮ ಹಚ್ಚುವ ಎರಡನೆಯ ಹಂತ ಒಂದು ವಾರ ತಡವಾಯಿತು. ಈಗ ಅವರು ಮಲ್ಲಿಗೆ ಕಟ್ಟುತ್ತಾರೆ, ಆದರೆ ಮುಷ್ಟಿ ಹಿಡಿದರೆ ಕಿರುಬೆರಳು ಅಂಗೈಗೆ ತಾಗುವುದಿಲ್ಲ.

ಬಿಡುಗಡೆಯ ದಿನ ಅವರ ಮಗ, "ಡಾಕ್ಟ್ರೇ, ಅಮ್ಮನಿಗೆ ಚರ್ಮ ಬೆಳೆಸಿದ ಹಾಗೆ ಮಾವನಿಗೆ ಕಿಡ್ನಿ ಬೆಳೆಸ್ಲಿಕ್ಕೆ ಆಗುದಿಲ್ವಾ?" ಎಂದು ಕೇಳಿದರು. ಮಾವ ಡಯಾಲಿಸಿಸ್‌ನಲ್ಲಿದ್ದಾರೆ.

ಅಡ್ಡಿ ಇರುವುದು ಮುಖ್ಯವಾಗಿ ದಪ್ಪದಲ್ಲಿ. ಕೂದಲೆಳೆಗಿಂತ ತೆಳುವಾದ ರಕ್ತದ ಲೋಮನಾಳದಿಂದ 0.2 ಮಿಲಿಮೀಟರಿಗಿಂತ ದೂರ ಉಳಿದ ಜೀವಕೋಶ ಆಮ್ಲಜನಕವಿಲ್ಲದೆ ಸಾಯುತ್ತದೆ, ಹೊಸ ರಕ್ತನಾಳಗಳೋ ದಿನಕ್ಕೆ ಒಂದು ಮಿಲಿಮೀಟರಿನಷ್ಟೂ ಸಾಗುವುದಿಲ್ಲ. ತೆಳ್ಳಗಿನ ಚರ್ಮ ಅಷ್ಟು ಹೊತ್ತು ಕಾಯಬಲ್ಲುದು. ಮುಷ್ಟಿಗಾತ್ರದ ಕಿಡ್ನಿಯ ಒಡಲು ಅದಕ್ಕೆ ಮೊದಲೇ ಕೊಳೆಯುತ್ತದೆ. ಟೊಳ್ಳು ಅಂಗಗಳಲ್ಲೂ ದಾರಿ ಸುಲಭವಾಗಿಲ್ಲ. ರೋಗಿಯದೇ ಜೀವಕೋಶಗಳನ್ನು ಹಂದರದಲ್ಲಿ ಬೆಳೆಸಿ ಏಳು ಎಳೆಯ ರೋಗಿಗಳ ಮೂತ್ರಕೋಶವನ್ನು ಹಿಗ್ಗಿಸಿದ ಅಮೆರಿಕದ ವೈದ್ಯ ಆಂಟನಿ ಅಟಾಲಾ ತಂಡದ ವರದಿ 2006ರಲ್ಲಿ ಬಂದಾಗ ನಾವೆಲ್ಲ ಹಿಗ್ಗಿದ್ದೆವು. 2014ರಲ್ಲಿ ಪ್ರಕಟವಾದ ಮುಂದಿನ ಪರೀಕ್ಷೆಯಲ್ಲಿ ನಿರೀಕ್ಷಿಸಿದ ಸುಧಾರಣೆ ಕಾಣಲಿಲ್ಲ. ಪ್ಲಾಸ್ಟಿಕ್ಕಿನ ಶ್ವಾಸನಾಳ ಕೂರಿಸಿದ ಶಸ್ತ್ರವೈದ್ಯ ಪಾವ್ಲೊ ಮಾಕಿಯಾರಿನಿಗೆ, ರೋಗಿಗಳಿಗೆ ಹಾನಿ ಮಾಡಿದ ತಪ್ಪಿಗಾಗಿ, 2023ರಲ್ಲಿ ಸ್ವೀಡನ್ನಿನ ಮೇಲ್ಮನವಿ ನ್ಯಾಯಾಲಯ ಎರಡೂವರೆ ವರ್ಷ ಸೆರೆಮನೆ ವಿಧಿಸಿದ್ದನ್ನೂ ನಾನು ಆ ಮಗನಿಗೆ ಮುಚ್ಚಿಡಲಿಲ್ಲ. ಬಳಿಕ ಮಾವನ ಹೆಸರು ರಾಜ್ಯದ ಅಂಗದಾನ ವ್ಯವಸ್ಥೆಯಾದ ಜೀವಸಾರ್ಥಕತೆಯ ಪಟ್ಟಿಯಲ್ಲಿ ಉಂಟೋ ಎಂದು ಕೇಳಿದೆ. ಇರಲಿಲ್ಲ. ನೋಂದಣಿಗೆ ಬೇಕಾದ ಕಾಗದಗಳನ್ನು ಅಲ್ಲೇ ಚೀಟಿಯಲ್ಲಿ ಬರೆದು ಕೊಟ್ಟೆ.