ಬ್ಲೂಟೂತ್ ಮೌಸ್ ತಡವರಿಸುತ್ತಿದೆ, ಜಾಸ್ತಿ ಡಿಪಿಐ ಇರುವುದನ್ನು ಕೊಂಡರೆ ಸರಿಹೋಗುತ್ತಾ?

ಪ್ರಶ್ನೆ: ಲ್ಯಾಪ್‌ಟಾಪಿಗೆ ಬ್ಲೂಟೂತ್ ಮೌಸ್ ತಗೊಂಡಿದ್ದೇನೆ. ಪಾಯಿಂಟರ್ ಆಗಾಗ ನಿಂತುಬಿಡುತ್ತದೆ, ಆಮೇಲೆ ಎಲ್ಲಿಗೋ ಹಾರುತ್ತದೆ. ಇದು 1000 ಡಿಪಿಐ ಮೌಸ್. 4000 ಡಿಪಿಐ ಇರುವುದನ್ನು ತಗೊಂಡರೆ ಸರಿಹೋಗುತ್ತಾ?

ಸರಿಹೋಗುವುದಿಲ್ಲ. ಇದೇ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಬರುತ್ತಲೇ ಇರುತ್ತದೆ, ನಾನೂ ಹೇಳುತ್ತಲೇ ಇದ್ದೇನೆ. ಮೌಸಿನ ಡಬ್ಬಿಯ ಮೇಲೆ ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಡಿಪಿಐ ಅಚ್ಚು ಹಾಕುತ್ತಿರುವವರೆಗೂ ಈ ನಂಬಿಕೆ ಹೋಗುವ ಹಾಗೆ ಕಾಣುವುದಿಲ್ಲ. ಅದಕ್ಕೇ ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ. ಹೊಸ ಮೌಸಿಗೆ ದುಡ್ಡು ಹಾಕುವ ಮುಂಚೆ ದಯವಿಟ್ಟು ಓದಿ.

ಮೌಸನ್ನು ಮಗುಚಿ ನೋಡಿ. ಹೊಟ್ಟೆಯ ಮೇಲೆ ಒಂದು ಸಣ್ಣ ತೂತು ಕಾಣುತ್ತದೆ. ಅದರೊಳಗೆ ಪುಟ್ಟ ಕ್ಯಾಮೆರಾ ಇದೆ. ಅದು ಮೇಜಿನ ಮೈಯ ಚಿತ್ರವನ್ನು ಸೆಕೆಂಡಿಗೆ ಸಾವಿರಾರು ಸಲ ತೆಗೆಯುತ್ತದೆ. ಹಿಂದಿನ ಚಿತ್ರದ ಪಕ್ಕ ಈಗಿನದನ್ನು ಇಟ್ಟು, ಎಷ್ಟು ಜರುಗಿದೆ ಎಂದು ಲೆಕ್ಕ ಹಾಕುತ್ತದೆ. ಆ ಲೆಕ್ಕದ ಅಳತೆಯೇ ಡಿಪಿಐ. 1000 ಡಿಪಿಐ ಅಂದರೆ, ಕೈ ಒಂದು ಇಂಚು ಸರಿದರೆ ಮೌಸ್ 1000 ಹೆಜ್ಜೆ ಎಣಿಸುತ್ತದೆ. 4000 ಅಂದರೆ ಅದೇ ಒಂದು ಇಂಚಿಗೆ 4000 ಹೆಜ್ಜೆ. ಅದಕ್ಕಿಂತ ಹೆಚ್ಚಿನ ಅರ್ಥ ಇದಕ್ಕೆ ಇಲ್ಲ.

ಈಗ ನಿಮ್ಮ ಪರದೆಗೆ ಬನ್ನಿ. ಅಗಲ 1920 ಪಿಕ್ಸೆಲ್ ಇದೆ, ಒಂದು ಹೆಜ್ಜೆಗೆ ಪಾಯಿಂಟರ್ ಒಂದು ಪಿಕ್ಸೆಲ್ ಸರಿಯುತ್ತದೆ ಎಂದುಕೊಳ್ಳೋಣ. 1000 ಡಿಪಿಐ ಮೌಸಿನಲ್ಲಿ ಈ ಕೊನೆಯಿಂದ ಆ ಕೊನೆಗೆ ಹೋಗಲು ಎರಡು ಇಂಚಿಗೂ ಸ್ವಲ್ಪ ಕಡಿಮೆ ಸಾಕು. 4000ದಲ್ಲಿ ಅರ್ಧ ಇಂಚೂ ಬೇಡ. ಅರ್ಧ ಇಂಚಿನಲ್ಲಿ ಇಡೀ ಪರದೆ ದಾಟುವ ಮೌಸಿನಿಂದ ಮೂಲೆಯಲ್ಲಿರುವ ಸಣ್ಣ ಬಟನ್ ಒತ್ತಲು ಪ್ರಯತ್ನಿಸಿ ನೋಡಿ. ಉಸಿರು ಬಿಗಿಹಿಡಿದು ಒತ್ತಬೇಕಾಗುತ್ತದೆ. ಅದು ಕಷ್ಟವಾದ ಮೇಲೆ ಎಲ್ಲರೂ ಮಾಡುವುದು ಒಂದೇ: ಸೆಟ್ಟಿಂಗ್ಸಿಗೆ ಹೋಗಿ ಪಾಯಿಂಟರ್ ವೇಗ ಇಳಿಸುತ್ತಾರೆ. 4000ಕ್ಕೆ ದುಡ್ಡು ಕೊಟ್ಟು 1000ದ ಹಾಗೆ ಬಳಸುತ್ತಾರೆ.

ಹಾಗಾದರೆ ತಡವರಿಕೆ? ಅದು ಎಣಿಕೆಯಲ್ಲಿ ಆಗುವ ತೊಂದರೆ ಅಲ್ಲ, ಎಣಿಸಿದ್ದನ್ನು ಲ್ಯಾಪ್‌ಟಾಪಿಗೆ ತಲುಪಿಸುವಾಗ ಆಗುವ ತೊಂದರೆ. ಮೌಸ್ ತನ್ನ ಎಣಿಕೆಯನ್ನು ರೇಡಿಯೋ ಮೂಲಕ ತುಂಡು ತುಂಡಾಗಿ ಕಳಿಸುತ್ತದೆ. ಬ್ಲೂಟೂತ್ ಮೌಸುಗಳಲ್ಲಿ ಎರಡು ತುಂಡುಗಳ ನಡುವೆ ಸಾಮಾನ್ಯವಾಗಿ ಕಡಿಮೆ ಅಂದರೂ 7.5 ಮಿಲಿಸೆಕೆಂಡ್ ಅಂತರ. ಅಂದರೆ ಸೆಕೆಂಡಿಗೆ ಹೆಚ್ಚೆಂದರೆ ಸುಮಾರು 133 ಸಲ. ಡಿಪಿಐ ಎಷ್ಟೇ ಏರಿಸಿ, ಈ ಸಂಖ್ಯೆ ಒಂದಿಷ್ಟೂ ಏರುವುದಿಲ್ಲ. ದಾರಿಯಲ್ಲಿ ತುಂಡುಗಳು ಕೆಟ್ಟುಹೋದರೆ ಮತ್ತೆ ಕಳಿಸಬೇಕು. ಅಷ್ಟು ಹೊತ್ತು ಪಾಯಿಂಟರ್ ನಿಂತಿರುತ್ತದೆ. ಆಮೇಲೆ ಬಾಕಿಯೆಲ್ಲ ಒಟ್ಟಿಗೆ ಬಂದು ಒಮ್ಮೆಲೇ ಹಾರುತ್ತದೆ.

ಡಿಪಿಐ ಜಾಸ್ತಿ ಇದ್ದರೆ ಈ ಹಾರಾಟವೂ ಜಾಸ್ತಿ. ಸೆಕೆಂಡಿನ ಹತ್ತನೇ ಒಂದು ಭಾಗ ಸಂಪರ್ಕ ನಿಂತಿತು, ಅಷ್ಟರಲ್ಲಿ ಕೈ ಅರ್ಧ ಇಂಚು ಸರಿಯಿತು ಅನ್ನಿ. 1000 ಡಿಪಿಐನಲ್ಲಿ ಪಾಯಿಂಟರ್ 500 ಪಿಕ್ಸೆಲ್ ಹಾರುತ್ತದೆ. 4000ದಲ್ಲಿ 2000, ಅಂದರೆ ಪರದೆಯಿಂದಾಚೆಗೆ! ಮದ್ದು ಅಂತ ಕೊಳ್ಳಲು ಹೊರಟಿದ್ದೇ ರೋಗವನ್ನು ಹೆಚ್ಚಿಸುತ್ತದೆ. ಇಷ್ಟು ಹೇಳಿದ ಮೇಲೂ "ಆದ್ರೂ 1600 ತಗೊಂಡ್ರೆ ಸ್ವಲ್ಪವಾದ್ರೂ ಪರವಾಗಿಲ್ವಾ?" ಎಂದು ಕೇಳುವವರಿದ್ದಾರೆ. ತಡವರಿಕೆಗೆ ಅದೂ ಮದ್ದಲ್ಲ. ದೊಡ್ಡ ಪರದೆಯಲ್ಲಿ ಕೈ ಕಡಿಮೆ ಆಡಿಸಬೇಕು ಅನ್ನಿಸಿದರೆ ಮಾತ್ರ 1600 ಒಳ್ಳೆಯದು.

ಈಗ ನಿಜವಾದ ಕಾರಣಕ್ಕೆ ಬರೋಣ. ಪಾಯಿಂಟರ್ ನಿಂತ ಕ್ಷಣದಲ್ಲೇ ಟಚ್‌ಪ್ಯಾಡ್ ಮೇಲೆ ಬೆರಳಾಡಿಸಿ. ಅದರಲ್ಲೂ ಪಾಯಿಂಟರ್ ಕದಲದಿದ್ದರೆ ತಪ್ಪು ಮೌಸಿನದಲ್ಲ, ಲ್ಯಾಪ್‌ಟಾಪೇ ಬೇರೆ ಕೆಲಸದಲ್ಲಿ ಏದುಸಿರು ಬಿಡುತ್ತಿದೆ. ಟಚ್‌ಪ್ಯಾಡ್ ಸರಾಗ, ಮೌಸ್ ಮಾತ್ರ ನಿಂತು ಹಾರುತ್ತಿದೆ ಅಂದರೆ ರೇಡಿಯೋ ತೊಂದರೆ. ಕೈ ಸುಮ್ನೆ ಇಟ್ಟಿದ್ದರೂ ಪಾಯಿಂಟರ್ ನಡುಗುತ್ತಿದ್ದರೆ, ಸೊಟ್ಟಸೊಟ್ಟ ಓಡಿದರೆ, ಆ ತೂತಿನೊಳಗೆ ನೋಡಿ. ಒಂದೇ ಒಂದು ಕೂದಲು ಅಡ್ಡ ಕೂತಿದ್ದರೂ ಸಾಕು. ಗಾಜಿನ ಮೇಜಾದರೆ ಕೆಳಗೆ ಒಂದು ಹಾಳೆ ಹಾಕಿ ನೋಡಿ.

ರೇಡಿಯೋ ತೊಂದರೆಯಲ್ಲಿ ಯಾರೂ ಅನುಮಾನಪಡದ ಒಂದು ಆರೋಪಿ ಇದೆ. ಕೆಲವು ದಿನ ನನ್ನ ಮೌಸ್ ಸಂಜೆ ಹೊತ್ತು ಮಾತ್ರ ತಡವರಿಸುತ್ತಿತ್ತು. ಸೆಲ್ ಬದಲಿಸಿದೆ, ಮತ್ತೆ ಪೇರ್ ಮಾಡಿದೆ, ಏನೂ ಆಗಲಿಲ್ಲ. ಕೊನೆಗೆ ಹೊಳೆಯಿತು: ಸಂಜೆ ಹೊತ್ತಿಗೆ ನಾನು ಹೊರಗಿನ ಹಾರ್ಡ್ ಡಿಸ್ಕಿಗೆ ಬ್ಯಾಕಪ್ ಹಾಕುತ್ತಿದ್ದೆ. ಡಿಸ್ಕಿನ ದೀಪ ಮಿಣುಕುವಾಗ ಪಾಯಿಂಟರ್ ನಿಲ್ಲುತ್ತಿತ್ತು, ದೀಪ ನಿಂತರೆ ಸರಾಗ. ವೈರನ್ನು ಮೌಸ್ ಇರುವ ಬಲಗಡೆಯಿಂದ ಕಿತ್ತು ಎಡಗಡೆಯ ಪೋರ್ಟಿಗೆ ಹಾಕಿದೆ. ಅಲ್ಲಿಗೆ ಮುಗಿಯಿತು.

ಇದರಲ್ಲಿ ಮಾಯ ಮಂತ್ರ ಇಲ್ಲ. ಬ್ಲೂಟೂತ್ ಓಡಾಡುವುದು 2.4 ಗಿಗಾಹರ್ಟ್ಸ್ ರೇಡಿಯೋ ಅಲೆಗಳ ಪಟ್ಟಿಯಲ್ಲಿ. ಯುಎಸ್‌ಬಿ 3.0 ಸಾಧನ ಮಾಹಿತಿ ಸಾಗಿಸುವಾಗ ಇದೇ ಪಟ್ಟಿಯಲ್ಲಿ ರೇಡಿಯೋ ಗದ್ದಲ ಎಬ್ಬಿಸುತ್ತದೆ. ಇಂಟೆಲ್ ಸಂಸ್ಥೆಯೇ 2012ರಲ್ಲಿ ಇದನ್ನು ಅಳೆದು ಪ್ರಕಟಿಸಿತ್ತು. ಹಾಗಾಗಿ ಡಿಸ್ಕು, ಪೆನ್ ಡ್ರೈವ್, ಹಬ್ ಇವನ್ನೆಲ್ಲ ಮೌಸಿನಿಂದ ದೂರದ ಬದಿಗೆ ಹಾಕಿ. ವೈ-ಫೈ ಕೂಡ 2.4ರಲ್ಲೇ ಇದ್ದರೆ ಅದೂ ಇದೇ ದಾರಿಗೆ ಬಂದು ನೂಕುತ್ತದೆ. ನಿಮ್ಮ ರೂಟರಿನಲ್ಲಿ 5 ಗಿಗಾಹರ್ಟ್ಸ್ ಇದ್ದರೆ ಲ್ಯಾಪ್‌ಟಾಪನ್ನು ಅದಕ್ಕೆ ಸೇರಿಸಿ.

ಸ್ವಲ್ಪ ಹೊತ್ತು ಬಿಟ್ಟು ಮುಟ್ಟಿದಾಗ ಮಾತ್ರ ಮೌಸ್ ಏಳಲು ತಡ ಮಾಡುತ್ತಿದ್ದರೆ ಅದು ನಿದ್ದೆಯ ವಿಷಯ. ಮೌಸ್ ತಾನೇ ಸೆಲ್ ಉಳಿಸಲು ಮಲಗುತ್ತದೆ, ಒಂದು ಕ್ಲಿಕ್ ಮಾಡಿದರೆ ಏಳುತ್ತದೆ. ವಿಂಡೋಸ್ ಕೂಡ ಕರೆಂಟ್ ಉಳಿಸಲು ಬ್ಲೂಟೂತನ್ನು ಮಲಗಿಸುವುದುಂಟು. ಡಿವೈಸ್ ಮ್ಯಾನೇಜರಿನಲ್ಲಿ ಬ್ಲೂಟೂತ್ ಅಡಾಪ್ಟರ್ ತೆರೆದು, ಪವರ್ ಮ್ಯಾನೇಜ್‌ಮೆಂಟ್ ಪುಟ ಇದ್ದರೆ ಅಲ್ಲಿ ಕರೆಂಟ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂಬುದರ ಮುಂದಿನ ಟಿಕ್ ಗುರುತು ತೆಗೆಯಿರಿ. ಏನೂ ಆಗದಿದ್ದರೆ ಲ್ಯಾಪ್‌ಟಾಪಿನ ಬ್ಲೂಟೂತ್ ಸಾಧನಗಳ ಪಟ್ಟಿಯಿಂದ ಮೌಸನ್ನು ಅಳಿಸಿ ಹೊಸದಾಗಿ ಪೇರ್ ಮಾಡಿ.

ಇಷ್ಟಾದ ಮೇಲೂ ಹೊಸದೇ ಬೇಕು ಅಂದರೆ, ಕೈಗೆ ಒಗ್ಗುವ ಗಾತ್ರ ನೋಡಿ, ಬ್ಲೂಟೂತ್ ಮತ್ತು ಡಾಂಗಲ್ (ಯುಎಸ್‌ಬಿ ಪೋರ್ಟಿಗೆ ಸಿಕ್ಕಿಸುವ ಪುಟ್ಟ ರಿಸೀವರ್) ಎರಡೂ ಇರುವುದನ್ನು ಆರಿಸಿ. ಡಬ್ಬಿಯ ಮೇಲೆ ಬರೀ "2.4 ಗಿಗಾಹರ್ಟ್ಸ್ ವೈರ್‌ಲೆಸ್" ಎಂದಿದ್ದರೆ ಸಾಮಾನ್ಯವಾಗಿ ಅದು ಡಾಂಗಲ್ ಮೌಸ್, ಬ್ಲೂಟೂತ್ ಅಲ್ಲ. ಲ್ಯಾಪ್‌ಟಾಪಿನ ಬ್ಲೂಟೂತ್ ಪಟ್ಟಿಯಲ್ಲಿ ಅದನ್ನು ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಸೆಲ್ ಅಂದಾಗ ಇನ್ನೊಂದು ನೆನಪಾಯಿತು, ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ರೀಚಾರ್ಜ್ ಮಾಡುವ ಸೆಲ್ ಹಾಕಿದರೆ, ಆಗಷ್ಟೇ ಚಾರ್ಜ್ ಮಾಡಿದ್ದರೂ ಬ್ಯಾಟರಿ ಶೇಕಡಾ ಕಡಿಮೆ ತೋರಿಸುತ್ತದೆ ಅಲ್ವಾ? ಸೆಲ್ ಕೆಟ್ಟಿಲ್ಲ. ಹೆಚ್ಚಿನ ಮೌಸುಗಳು ವೋಲ್ಟೇಜ್ ನೋಡಿ ಶೇಕಡಾ ಊಹಿಸುತ್ತವೆ. ಸಾಮಾನ್ಯ ಆಲ್ಕಲೈನ್ ಸೆಲ್ 1.5 ವೋಲ್ಟಿನಿಂದ ಶುರುವಾಗಿ ನಿಧಾನ ಇಳಿಯುತ್ತದೆ. ರೀಚಾರ್ಜ್ ಸೆಲ್ ಬಹಳ ಹೊತ್ತು 1.2ರ ಆಸುಪಾಸಿನಲ್ಲೇ ನಿಂತು, ಕೊನೆಗೆ ಥಟ್ಟನೆ ಕುಸಿಯುತ್ತದೆ. ಮೌಸಿಗೆ ಇದು ಅರ್ಧ ಖಾಲಿಯಾದ ಆಲ್ಕಲೈನ್ ಸೆಲ್ಲಿನಂತೆ ಕಾಣುತ್ತದೆ. ಆ ಶೇಕಡಾ ನಂಬಬೇಡಿ. ಚಾರ್ಜ್ ಆದ ಇನ್ನೊಂದು ಸೆಲ್ ಡ್ರಾಯರಿನಲ್ಲಿ ಇಟ್ಟುಕೊಂಡು, ಮೌಸ್ ತಾನಾಗಿ ನಿಂತ ದಿನ ಬದಲಿಸಿ.