ಸ್ವಭಾವ: ಕಡಿತೈತಿ

ನಮ್ಮ ಓಣಿಯ ಚಿನ್ನಿ ಒಂದು ದಿನ ಕಾಣಲಿಲ್ಲ. ಒಗ್ಗರಣೆ-ಮಿರ್ಚಿ ಬಂಡಿಯ ಪಕ್ಕ ದಿನಾ ಸಂಜೆ ಮಲಗಿರುವ ಬಿಳಿ ಹೆಣ್ಣುನಾಯಿ ಅದು. ಯಾರಾದರೂ ಮಿರ್ಚಿಯ ಹಿಟ್ಟು ಕಿತ್ತು ಹಾಕಿದರೆ ತಿನ್ನುತ್ತೆ, ಇಲ್ಲದಿದ್ದರೆ ನಿದ್ದೆ. ನಾಯಿ ಹಿಡಿಯೋ ಗಾಡಿ ಬಂದಿತ್ತು ಅಂತ ಬಂಡಿಯವರು ಹೇಳಿದರು. ಬಳ್ಳಾರಿಯ ಹೊರಗಿರುವ ಒಂದು ಶೆಲ್ಟರ್‌ಗೆ ಹುಡುಕಿಕೊಂಡು ಹೋದೆ. ಚಿನ್ನಿಗಿಂತ ಮೊದಲು ಕೈಗೆ ಸಿಕ್ಕಿದ್ದು ರಿಜಿಸ್ಟರ್.

ಉದ್ದನೆಯ ರಟ್ಟಿನ ಪುಸ್ತಕ. ನಂಬರ್, ಗಂಡು-ಹೆಣ್ಣು, ತೂಕ, ಹಿಡಿದ ಜಾಗ, ಆಪರೇಷನ್, ಸ್ವಭಾವ, ಬಿಟ್ಟ ಜಾಗ ಅಂತ ಕಾಲಂಗಳು. ಬಿಳಿ ನಾಯಿ, ನಮ್ಮ ಓಣಿ, ಅದೇ ತಾರೀಖು ಇರುವ ಸಾಲು ಸಿಕ್ಕಿತು. ಚಿನ್ನಿಯನ್ನು ಗಂಡು ಮಾಡಿದ್ದರು. ಸಂತಾನಹರಣ ಆಪರೇಷನ್ ಆಗಿಲ್ಲ ಅಂತಲೂ ಬರೆದಿದ್ದರು. ಆಪರೇಷನ್ ಆದದ್ದಕ್ಕೆ ಗುರುತಾಗಿ ಅದರ ಕಿವಿ ಕತ್ತರಿಸಿ ಎರಡು ವರ್ಷ ಆಗಿದೆ. ಸ್ವಭಾವದ ಕಾಲಂನಲ್ಲಿ ಮಾತ್ರ ಚಿನ್ನಿಗೆ ಒಂದು ಅಕ್ಷರವೂ ಇರಲಿಲ್ಲ, ಎರಡು ಸಣ್ಣ ಗೆರೆ ಇದ್ದವು. ಮೇಲಿನ ಸಾಲಿನಲ್ಲೂ ಅದೇ ಗೆರೆ. ಅದರ ಮೇಲೂ ಅದೇ. ಬೆರಳಿಟ್ಟು ಮೇಲೆ ಹೋದರೆ ಪುಟದ ತುದಿಯಲ್ಲಿ ಒಂದೇ ಒಂದು ಮಾತು: 'ಕಡಿತೈತಿ'. ಅಲ್ಲಿಂದ ಕೆಳಗೆ ಹದಿನಾರು ನಾಯಿಗೂ ಅದೇ ಸ್ವಭಾವ!

ತೂಕದ ಕಾಲಂ ಇನ್ನೂ ಮಜವಾಗಿತ್ತು. 15, 20, 15, 15, 10, 20. ತಕ್ಕಡಿ ಮೇಲೆ ನಿಜವಾಗಿ ನಿಲ್ಲಿಸಿದ್ದರೆ ಒಂದು ನಾಯಿ 13 ಇರುತ್ತೆ, ಇನ್ನೊಂದು 17 ಇರುತ್ತೆ. ಅಳೆದ ಅಂಕಿಗಳ ಕೊನೆಯಲ್ಲಿ 0ಯಿಂದ 9ರವರೆಗೆ ಎಲ್ಲವೂ ಬರಬೇಕು. ಬರೀ 0 ಮತ್ತು 5 ಬಂದರೆ ಅದು ಕಣ್ಣಂದಾಜು. ಬಿಪಿ ದಾಖಲೆ ಪರಿಶೀಲಿಸುವವರೂ ಇದನ್ನು ನೋಡುತ್ತಾರೆ. 120, 130, 140 ಅಂತ ಸಾಲಾಗಿ ಬಂದರೆ ಅನುಮಾನ ಪಡುತ್ತಾರೆ. ತೂಕ ತಪ್ಪಿದರೆ ಏನಾಯ್ತು ಅಂದ್ಕೋಬೇಡಿ. ಆಪರೇಷನ್‌ಗೆ ಮೊದಲು ಕೊಡುವ ಅರಿವಳಿಕೆ ಔಷಧಿಯ ಲೆಕ್ಕ ಕೆಜಿ ಮೇಲೆಯೇ ನಡೆಯುವುದು.

"ಕಡಿತೈತಿ ಅಂತ ಹೆಂಗ ಗೊತ್ತಾತು?" ಅಂತ ಕೇಳಿದೆ.

"ಬಲೆ ಹಾಕಿದಾಗ ಹಲ್ಲು ತೋರಿಸ್ತಾವಲ್ರೀ ಸಾರ್" ಅಂದರು ಅಲ್ಲಿನ ಹುಡುಗರು.

ಅವರ ಮೇಲೆ ನನಗೆ ಸಿಟ್ಟಿಲ್ಲ. ಬಳ್ಳಾರಿಯ ಏಪ್ರಿಲ್ ಬಿಸಿಲು, ತಗಡಿನ ಶೆಡ್ಡು, ಇಬ್ಬರೇ ಹುಡುಗರು. ಹಿಡಿಯುವವರೂ ಅವರೇ, ತೊಳೆಯುವವರೂ ಅವರೇ, ಬರೆಯುವವರೂ ಅವರೇ. ಆದರೆ ಆ ಕಾಲಂನಲ್ಲಿ ದಾಖಲಾಗಿದ್ದು ಬಲೆಯೊಳಗಿನ ಒಂದು ನಿಮಿಷ. ಬಲೆ ಹಾಕಿದರೆ ನಾನೂ ಹಲ್ಲು ತೋರಿಸುತ್ತೇನೆ.

ಈ ಹೆದರಿಕೆಯನ್ನು ರಕ್ತದಲ್ಲಿ ಅಳೆದು ನೋಡಿದ್ದಾರೆ. ಮೈಗೆ ಒತ್ತಡವಾದಾಗ ಕಾರ್ಟಿಸಾಲ್ ಅನ್ನೋ ಹಾರ್ಮೋನ್ ಏರುತ್ತೆ. 1997ರಲ್ಲಿ ಅಮೆರಿಕದ ಒಹಾಯೋದಲ್ಲಿ ಮೈಕೆಲ್ ಹೆನ್ನೆಸಿ ಮತ್ತು ಜೊತೆಯವರು ಶೆಲ್ಟರ್ ನಾಯಿಗಳ ರಕ್ತ ಪರೀಕ್ಷಿಸಿದರು. ಮೊದಲ ಮೂರು ದಿನ ಅವುಗಳ ಕಾರ್ಟಿಸಾಲ್ ಮನೆ ನಾಯಿಗಳಿಗಿಂತ ಬಹಳ ಜಾಸ್ತಿ ಇತ್ತು. ಗದ್ದಲ ಬೇರೆ: ಗೂಡುಗಳ ಸಾಲಿನಲ್ಲಿ ಬೊಗಳಾಟ 100 ಡೆಸಿಬೆಲ್ ದಾಟುವುದುಂಟು. ಇಂಥ ಕಡೆ ನಾಯಿಯ ಮೈಮಾತು ಓದುವುದೇ ಕಷ್ಟ. ಹೆದರಿದ ನಾಯಿ ಆಕಳಿಸುತ್ತೆ, ತುಟಿ ನೆಕ್ಕುತ್ತೆ. ನೋಡಿದವರು ಆರಾಮಾಗಿದೆ ಅಂದುಕೊಳ್ಳುತ್ತಾರೆ. ಹೆದರಿದ ನಾಯಿ ನಾಲಿಗೆ ಚಾಚಿ ಏದುಸಿರು ಬಿಡುತ್ತೆ ಕೂಡ. ನಮ್ಮೂರಲ್ಲಿ ಏಪ್ರಿಲ್‌ನಲ್ಲಿ ಏದುಸಿರು ಬಿಡದ ನಾಯಿ ಯಾವುದಿದೆ ಹೇಳಿ!

ಹಾಗಾದರೆ ಸರಿಯಾದ ಪರೀಕ್ಷೆ ಮಾಡಿದರೆ ಆಯ್ತಲ್ವಾ? ಅಮೆರಿಕದವರು ಮಾಡಿ ನೋಡಿದ್ದಾರೆ. ಕೋಲಿನ ತುದಿಗೆ ಪ್ಲಾಸ್ಟಿಕ್ ಕೈ ಕಟ್ಟಿ, ಉಣ್ಣುತ್ತಿರುವ ನಾಯಿಯ ತಟ್ಟೆಗೆ ಚಾಚುತ್ತಾರೆ. ಗುರ್ ಅಂದರೆ ಫೇಲ್. ಏಮಿ ಮಾರ್ಡರ್ ಅನ್ನೋ ಪಶುವೈದ್ಯೆಯ ತಂಡ 2013ರಲ್ಲಿ ಇದರ ಮೇಲೆ ಒಂದು ಅಧ್ಯಯನ ಪ್ರಕಟಿಸಿತು. ಊಟದ ತಟ್ಟೆಯ ಪರೀಕ್ಷೆಯಾಗಿ ಮನೆ ಸೇರಿದ 97 ನಾಯಿಗಳು ಮನೆಯಲ್ಲಿ ಹೇಗಿವೆ ಅಂತ ವಿಚಾರಿಸಿದ್ದರು. ಫೇಲ್ ಆಗಿದ್ದ 20ರಲ್ಲಿ ಮನೆಯಲ್ಲೂ ತಟ್ಟೆಯ ಹತ್ತಿರ ಗುರ್ ಅಂದಿದ್ದು 11 ಮಾತ್ರ. ಪಾಸಾಗಿದ್ದ 77ರಲ್ಲಿ 17 ಮನೆಗೆ ಹೋಗಿ ಗುರ್ ಅಂದವು. 2016ರಲ್ಲಿ ಗ್ಯಾರಿ ಪ್ಯಾಟ್ರೊನೆಕ್ ಮತ್ತು ಜಾನಿಸ್ ಬ್ರಾಡ್ಲಿ ಇಂಥ ಪರೀಕ್ಷೆಗಳನ್ನೆಲ್ಲ ಲೆಕ್ಕ ಹಾಕಿ, ಇದಕ್ಕೂ ನಾಣ್ಯ ಚಿಮ್ಮುವುದಕ್ಕೂ ದೊಡ್ಡ ವ್ಯತ್ಯಾಸವಿಲ್ಲ ಅಂದರು.

ಯಾಕೆ ಹೀಗೆ? ಒಂದು ಸಣ್ಣ ಲೆಕ್ಕ. 100 ನಾಯಿಗಳಲ್ಲಿ ನಿಜವಾಗಿ ಕಚ್ಚುವಂಥವು 10 ಅಂತ ಇಟ್ಕೊಳ್ಳಿ. ನಮ್ಮ ಪರೀಕ್ಷೆ ನೂರಕ್ಕೆ 80 ಸಲ ಸರಿ ಹೇಳುತ್ತೆ. ಆಗ 10ರಲ್ಲಿ 8 ಸಿಕ್ಕಿಬೀಳುತ್ತವೆ. ಉಳಿದ 90 ಪಾಪದ ನಾಯಿಗಳಲ್ಲಿ ನೂರಕ್ಕೆ 20ರಂತೆ 18ರ ಮೇಲೂ 'ಕಡಿತೈತಿ' ಬೀಳುತ್ತೆ. ಒಟ್ಟು 26 ನಾಯಿಗಳಿಗೆ ಹಣೆಪಟ್ಟಿ, ಅದರಲ್ಲಿ 18 ತಪ್ಪು. ನೂರಕ್ಕೆ 80 ಸರಿ ಅಂದರೆ ಕೇಳೋಕೆ ಎಷ್ಟು ಚೆನ್ನಾಗಿತ್ತು, ಅಲ್ವಾ? ಎರಡು ಗೆರೆ ಎಳೆಯುವ ಪರೀಕ್ಷೆ ಅಷ್ಟೂ ಸರಿ ಇರಲಾರದು.

ಈ ಕಾಲಂ ಈಗ ಮೊದಲಿನಷ್ಟು ಹಗುರವಲ್ಲ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್, ಆಪರೇಷನ್ ಮಾಡಿ ಲಸಿಕೆ ಹಾಕಿದ ನಾಯಿಗಳನ್ನು ಹಿಡಿದ ಜಾಗದಲ್ಲೇ ಬಿಡಬೇಕು ಅಂದಿತು. ಹುಚ್ಚು ಹಿಡಿದವು, ಹುಚ್ಚಿನ ಅನುಮಾನ ಇರುವವು, ಆಕ್ರಮಣಕಾರಿ ವರ್ತನೆ ತೋರುವವು ಮಾತ್ರ ಆ ಆದೇಶದಲ್ಲಿ ಇದಕ್ಕೆ ಹೊರತಾಗಿದ್ದವು. ಆಕ್ರಮಣಕಾರಿ ಅಂದರೆ ಏನು, ಯಾರು ಅಳೆಯಬೇಕು ಅಂತ ಆ ಆದೇಶ ಬಿಡಿಸಿ ಹೇಳಲಿಲ್ಲ. ಹಾಗಾಗಿ ಅದು ಈ ರಟ್ಟಿನ ಪುಸ್ತಕಕ್ಕೇ ಬಂದು ನಿಲ್ಲುತ್ತೆ.

ಮಕ್ಕಳಿಗೆ ಕಚ್ಚುವ ನಾಯಿಗಳು ಇಲ್ಲ ಅಂತ ನಾನು ಹೇಳುತ್ತಿಲ್ಲ. ರೇಬಿಸ್ ಲಕ್ಷಣ ಶುರುವಾದರೆ ಮನುಷ್ಯ ಉಳಿಯುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಅದಕ್ಕೇ ಕಚ್ಚಿದ ಕೂಡಲೇ ಸೋಪು ಹಚ್ಚಿ 15 ನಿಮಿಷ ತೊಳೆದು, ತಡಮಾಡದೆ ಇಂಜೆಕ್ಷನ್ ತಗೋಬೇಕು. ಕಚ್ಚಿದ ನಾಯಿಯನ್ನು 10 ದಿನ ಬೇರೆ ಇಟ್ಟು ನೋಡಬೇಕು. ನಿಜವಾಗಿ ಕಚ್ಚಿದ ನಾಯಿಯ ಸಾಲು ಹದಿನಾರು 'ಕಡಿತೈತಿ'ಗಳ ನಡುವೆ ಸೇರಿಹೋದರೆ ಅದನ್ನು ಹುಡುಕುವುದು ಹೇಗೆ? ಕಾಟಾಚಾರದ ರಿಜಿಸ್ಟರ್‌ನಿಂದ ಪಾಪದ ನಾಯಿಗಳಿಗೆ ಎಷ್ಟು ತೊಂದರೆಯೋ ಓಣಿಯ ಮಕ್ಕಳಿಗೂ ಅಷ್ಟೇ.

ನಾನು ಕೇಳುವುದು ಜಾಸ್ತಿ ಏನಲ್ಲ. ಕಂಡದ್ದನ್ನು ಬರೆಯಿರಿ, ಅಷ್ಟೇ. 'ನಾಲ್ಕನೇ ದಿನ, ಬೆಳಿಗ್ಗೆ 7. ಅನ್ನ ಇಟ್ಟಾಗ ಗೋಡೆಗೆ ಒತ್ತಿಕೊಂಡಿತು. ಕೋಲು ಕೆಳಗಿಟ್ಟ ಮೇಲೆ ಬಂದು ತಿಂದಿತು. ಕೈ ಚಾಚಿದಾಗ ತುಟಿ ಎತ್ತಿತು, ಕಚ್ಚಲಿಲ್ಲ.' ಇದನ್ನು ಓದಿದ ಇನ್ನೊಬ್ಬರು ನಾಳೆ ಹೋಗಿ ಸರಿಯಾ ತಪ್ಪಾ ಅಂತ ನೋಡಬಹುದು. 'ಕಡಿತೈತಿ'ಯನ್ನು ಪರೀಕ್ಷಿಸಬೇಕಾದರೆ ಕೈಯನ್ನೇ ಕೊಡಬೇಕು.

ಚಿನ್ನಿ ಕೊನೆಯ ಗೂಡಿನ ಮೂಲೆಯಲ್ಲಿ ಮುದುಡಿ ಕೂತಿತ್ತು. ಹೆಸರು ಕರೆದೆ. ಮೊದಲು ಕಿವಿ ಅಲ್ಲಾಡಿತು, ಆಮೇಲೆ ಬಾಲ. ಮೂರು ದಿನ ಬಿಟ್ಟು ಗಾಡಿಯಲ್ಲಿ ಓಣಿಗೆ ತಂದು ಬಿಟ್ಟರು. ಸಹಿ ಮಾಡು ಅಂತ ರಿಜಿಸ್ಟರ್ ಕೊಟ್ಟರು. 'ಬಿಟ್ಟ ಜಾಗ' ಕಾಲಂನಲ್ಲಿ 'ಬಳ್ಳಾರಿ' ಅಂತ ಬರೆದಿತ್ತು.

"ಬಳ್ಳಾರಿ ಒಳಗ ಎಲ್ಲಿ ಅಂತ ಬರೀರಲ್ಲ" ಅಂದೆ.

"ಕಾಲಂ ಸಣ್ಣದೈತ್ರೀ ಸಾರ್" ಅಂದರು.